ಸಾಲಕ್ಕೆ ಮೊದಲು ಅಳತೆ

ಎಲ್ಲೂರಿನ 1,200 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರದ ಬಗ್ಗೆ ಉಡುಪಿ ಜಿಲ್ಲೆಯಲ್ಲಿ ವರ್ಷಗಟ್ಟಲೆ ನಡೆದ ಪರಿಸರ ಚರ್ಚೆಗೆ ಹೋಲಿಸಿದರೆ, ಅದೇ ಜಿಲ್ಲೆಯ ಸಣ್ಣ ಕಾರ್ಖಾನೆಗಳು ಉರಿಸುವ ಕಟ್ಟಿಗೆಯ ಮಾತು ಕೇಳಿಬಂದದ್ದು ಕಡಿಮೆ. ಸುಸ್ಥಿರತೆ, ಅಂದರೆ ಇಂಧನ, ನೀರು, ಕಚ್ಚಾವಸ್ತುಗಳನ್ನು ಪೋಲು ಮಾಡದೆ ಉದ್ಯಮವನ್ನು ದೀರ್ಘಕಾಲ ನಡೆಸಿಕೊಂಡು ಹೋಗುವ ಕ್ರಮವು ಇಲ್ಲಿ ಬೇರೂರದಿರುವುದಕ್ಕೆ ಮಾಲೀಕರ ಅಸಡ್ಡೆಗಿಂತ, ಲೆಕ್ಕವಿಲ್ಲದೆ ಸಾಲವಿಲ್ಲ, ಸಾಲವಿಲ್ಲದೆ ಸುಧಾರಣೆಯಿಲ್ಲ ಎಂಬ ತೊಡಕೇ ದೊಡ್ಡ ಕಾರಣ.

ಜಿಲ್ಲೆಯ ಕಾರ್ಕಳದ ಸುತ್ತಲಿನ ಗೇರುಬೀಜ ಕಾರ್ಖಾನೆಗಳನ್ನು ನೋಡಿದರೆ ಇದು ತಿಳಿಯುತ್ತದೆ. ಊರಿನ ಬೀಜ ಮಾರುಕಟ್ಟೆಗೆ ಬರುವುದು ಬೇಸಗೆಯ ಕೆಲವೇ ತಿಂಗಳಲ್ಲಿ. ಆಫ್ರಿಕಾದ ಬೀಜಕ್ಕೂ ಹಣ ಮೊದಲೇ ಹೊಂದಿಸಬೇಕು. ವರ್ಷಕ್ಕೆ ಬೇಕಾದ ಬೀಜವನ್ನು ಕೊಂಡು, ಒಣಗಿಸಿ, ಗೋದಾಮಿಗೆ ತುಂಬುವಷ್ಟರಲ್ಲಿ ಮಾಲೀಕರ ಆಸ್ತಿ ಬಹುಮಟ್ಟಿಗೆ ದುಡಿಯುವ ಬಂಡವಾಳದ, ಅಂದರೆ ನಿತ್ಯದ ವ್ಯವಹಾರಕ್ಕೆ ಬೇಕಾದ ಹಣದ ಸಾಲಕ್ಕೆ ಅಡವಾಗಿರುತ್ತದೆ. ಬಾಯ್ಲರ್ ಬದಲಿಸಲು, ತಿರುಳು ಒಣಗಿಸುವ ಬೋರ್ಮಾದಿಂದ ಶಾಖ ಸೋರದಂತೆ ಮಾಡಲು ಅವಧಿ ಸಾಲ ಕೇಳಿದರೆ, ತಿಂಗಳಿಗೆ ಉಳಿತಾಯವೆಷ್ಟು ಎಂಬ ಬ್ಯಾಂಕಿನ ಪ್ರಶ್ನೆಗೆ ಉತ್ತರ ಸಿಗುವುದು ಕಷ್ಟ. ಕಟ್ಟಿಗೆ ಬರುವುದು ಲೋಡಿನ ಲೆಕ್ಕದಲ್ಲಿ, ಬೀಜ ಬೇಯುವುದು ಚೀಲದ ಲೆಕ್ಕದಲ್ಲಿ. ಒಂದು ಚೀಲಕ್ಕೆ ಎಷ್ಟು ಕಿಲೋ ಕಟ್ಟಿಗೆ ಉರಿಯಿತೆಂದು ಬರೆದಿಡದಿದ್ದರೆ ಆ ಎರಡು ಲೆಕ್ಕಗಳು ಎಂದೂ ಕೂಡುವುದಿಲ್ಲ. ವಿದ್ಯುತ್ ಸರಬರಾಜು ಕಂಪನಿ ಮೆಸ್ಕಾಂನ ಬಿಲ್ಲಿನಲ್ಲಿಯೂ ಇಡೀ ಕಾರ್ಖಾನೆಯ ಯೂನಿಟ್ ಸಿಗುತ್ತದೆಯೇ ಹೊರತು ಯಾವ ಯಂತ್ರ ಎಷ್ಟು ಬಳಸಿತೆಂಬುದು ಸಿಗುವುದಿಲ್ಲ.

ದೊಡ್ಡ ಮೋಟಾರುಗಳಿಗೆ ಪ್ರತ್ಯೇಕ ಮೀಟರ್, ಬಾಯ್ಲರ್ ಪಕ್ಕದಲ್ಲೊಂದು ತೂಕದ ಯಂತ್ರ, ಆ ಅಂಕಿಗಳನ್ನು ದಿನವೂ ಮೊಬೈಲಿಗೆ ಏರಿಸಬಲ್ಲ ಒಬ್ಬ ಸೂಪರ್‌ವೈಸರ್: ಈ ಲೆಕ್ಕವಿಡಲು ಸಣ್ಣ ಉದ್ಯಮಕ್ಕೆ ಬೇಕಾದ ಡಿಜಿಟಲ್ ಸಾಮರ್ಥ್ಯ ಇಷ್ಟರಿಂದಲೇ ಆರಂಭವಾಗಬಹುದು. ಸರ್ಕಾರದ ಯೋಜನೆಗಳೂ ಇಲ್ಲದಿಲ್ಲ: ದೋಷವಿಲ್ಲದ, ಪರಿಸರಕ್ಕೆ ಹಾನಿಯಾಗದ ಉತ್ಪಾದನೆಗೆಂದು ಕೇಂದ್ರ ಸರ್ಕಾರ 2022ರಲ್ಲಿ ಹೊಸದಾಗಿ ಜಾರಿಗೆ ತಂದ ಝೆಡ್ ಪ್ರಮಾಣಪತ್ರದ ವೆಚ್ಚದಲ್ಲಿ ಕಿರು ಉದ್ಯಮಗಳಿಗೆ ಶೇ. 80ರಷ್ಟು ಸಹಾಯಧನ ಗೊತ್ತುಮಾಡಲಾಯಿತು, 2000ದಲ್ಲಿ ಸ್ಥಾಪನೆಯಾದ ಸಣ್ಣ ಉದ್ಯಮಗಳ ಸಾಲ ಖಾತರಿ ಟ್ರಸ್ಟ್ ಅಡಮಾನವಿಲ್ಲದ ಸಾಲಕ್ಕೆ ಖಾತರಿ ನೀಡುತ್ತದೆ. ಆದರೆ ಖಾತರಿಯಿಂದ ಬ್ಯಾಂಕಿನ ಅಂಜಿಕೆ ತಗ್ಗಬಹುದೇ ವಿನಾ, ಕಂತಿನ ಹಣ ಎಲ್ಲಿಂದ ಹುಟ್ಟುತ್ತದೆಂಬುದಕ್ಕೆ ಪುರಾವೆ ದೊರೆಯದು.

ಅಂಥ ಪುರಾವೆಯನ್ನು ದಿನದಿನವೂ ಕೂಡಿಸುವ ದಾರಿ ಈ ಜಿಲ್ಲೆಗೆ ಹೊಸದಲ್ಲ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಗಿ ಬೆಳೆದು, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಸಂಸ್ಥೆಯ ಆರಂಭದ ಉದ್ದೇಶವೇ ಸಂಕಷ್ಟದಲ್ಲಿದ್ದ ನೇಕಾರರಿಗೆ ನೆರವಾಗುವುದಾಗಿತ್ತು. ಅದು 1928ರಲ್ಲಿ ತಂದ ಪಿಗ್ಮಿ ಠೇವಣಿಯಲ್ಲಿ ಏಜೆಂಟರು ಮನೆಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆಯಷ್ಟು ಪುಟ್ಟ ಮೊತ್ತವನ್ನೂ ಸಂಗ್ರಹಿಸಿದ್ದರಿಂದ, ಬ್ಯಾಂಕಿನ ಮೆಟ್ಟಿಲು ಹತ್ತದವರ ಹೆಸರಿನಲ್ಲಿಯೂ ಹಣದ ದಾಖಲೆ ಬೆಳೆಯಿತು. ಇಂಧನದ ಲೆಕ್ಕಕ್ಕೂ ಇದೇ ವಿಧಾನ ಸಲ್ಲುತ್ತದೆ. ಹತ್ತಾರು ಕಾರ್ಖಾನೆಗಳಿಗೆ ತರಬೇತಿ ಪಡೆದ ಒಬ್ಬ ಲೆಕ್ಕಿಗನನ್ನು ಜಿಲ್ಲಾ ಕೈಗಾರಿಕಾ ಕೇಂದ್ರ ನೇಮಿಸಿ, ಮಣಿಪಾಲದ ಎಂಜಿನಿಯರಿಂಗ್ ಅಧ್ಯಾಪಕರು ಅಳತೆಯನ್ನು ಪರಿಶೀಲಿಸಿ, ಮೀಟರಿನ ಬೆಲೆಯನ್ನೂ ಸಾಲದ ಮೊತ್ತಕ್ಕೆ ಸೇರಿಸಿಕೊಂಡು, ಬೀಜ ಖರೀದಿಯ ತಿಂಗಳುಗಳಲ್ಲಿ ಕಂತು ಇಳಿಸಿ ಮಾರಾಟದ ತಿಂಗಳುಗಳಲ್ಲಿ ಏರಿಸುವಂತೆ ಬ್ಯಾಂಕುಗಳು ಒಪ್ಪಿದರೆ, ಉಳಿತಾಯವೇ ಸಾಲ ತೀರಿಸುವ ದಾರಿ ತೆರೆಯುತ್ತದೆ. ಇಂಧನದ ಅಂಕಿಗಳಿಂದ ಉತ್ಪಾದನೆಯ ಗುಟ್ಟು ಹೊರಬಿದ್ದೀತೆಂಬ ಮಾಲೀಕರ ಅಂಜಿಕೆ ಸಹಜವಾದ್ದರಿಂದ, ಅವರ ಒಪ್ಪಿಗೆಯಿಲ್ಲದೆ ಅವು ಬೇರೆ ಇಲಾಖೆಗೂ ಪ್ರತಿಸ್ಪರ್ಧಿಗೂ ಹೋಗುವುದಿಲ್ಲವೆಂಬ ಲಿಖಿತ ಭರವಸೆಯನ್ನು ಮೀಟರ್ ಕೂರಿಸುವ ಮೊದಲೇ ಕೊಡಬೇಕು.