ವಾಸನೆ ಹೋದರೆ ಕ್ಯಾನ್ ಶುದ್ಧವಾಯಿತೇ?

ನಮ್ಮ ಕಾಲೇಜಿನ ಹೊಸ ಕಟ್ಟಡದಲ್ಲಿ ದುಡಿಯುವವರು ಕುಡಿಯುವ ನೀರನ್ನು ಯಾವುದರಲ್ಲಿ ಇಟ್ಟುಕೊಂಡಿದ್ದಾರೆ ಎಂದು ಗಮನಿಸಿದ್ದೀರಾ? ಮರಳಿನ ರಾಶಿಯ ಪಕ್ಕ ಎರಡು ಕ್ಯಾನುಗಳಿವೆ. ಒಂದು ಡೀಸೆಲ್ ಲಾರಿಗಳಿಗೆ ಹಾಕುವ ಡಿಇಎಫ್ ದ್ರವದ 20 ಲೀಟರಿನದು. ಇನ್ನೊಂದು ಕೂಲೆಂಟಿನ 5 ಲೀಟರಿನದು. ಅಲ್ಲಿಂದ ನಾಲ್ಕು ಹೆಜ್ಜೆ ಆಚೆ ನಾವು ಫಿಲ್ಟರ್ ನೀರು ಕುಡಿಯುತ್ತೇವೆ.

ಅವರನ್ನು ದೂರುವುದು ಸರಿಯಲ್ಲ. ಕ್ಯಾನ್ ಗಟ್ಟಿ, ಹಿಡಿ ಇದೆ, ಗುಜರಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಝುಹರ್ ನಮಾಝಿನ ಬಿಡುವಿನಲ್ಲಿ ಕೇಳಿದಾಗ ಮೇಸ್ತ್ರಿ, "ಸೋಪು ಹಾಕಿ ಮೂರು ಸಲ ತೊಳೆದಿದ್ದೇವೆ, ವಾಸನೆ ಇಲ್ಲ ನೋಡಪ್ಪ" ಅಂದರು. ನಿಜ, ವಾಸನೆ ಇರಲಿಲ್ಲ. ಆದರೆ ವಾಸನೆ ಇಲ್ಲದ್ದಕ್ಕೆ ಅರ್ಥವೇ ಇಲ್ಲ. ಕೂಲೆಂಟಿನ ಮುಖ್ಯ ಅಂಶವಾದ ಎಥಿಲೀನ್ ಗ್ಲೈಕಾಲ್‌ಗೆ ವಾಸನೆಯಿಲ್ಲ, ರುಚಿ ಸಿಹಿ. ಹೊಟ್ಟೆಗೆ ಹೋದರೆ ಯಕೃತ್ತಿನಲ್ಲಿ ಅದು ಆಕ್ಸಾಲಿಕ್ ಆಮ್ಲವಾಗಿ, ಕ್ಯಾಲ್ಸಿಯಂ ಜೊತೆ ಸೇರಿ ಹರಳುಗಟ್ಟಿ ಕಿಡ್ನಿಯಲ್ಲಿ ಕೂರುತ್ತದೆ. 2022ರಲ್ಲಿ ಗ್ಯಾಂಬಿಯಾದ ಮಕ್ಕಳ ಸಾವಿನ ನಂತರ ಕೆಮ್ಮಿನ ಸಿರಪ್‌ಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದ್ದು ಇದೇ ಎಥಿಲೀನ್ ಗ್ಲೈಕಾಲ್ ಮತ್ತು ಅದರ ದಾಯಾದಿ ಡೈಎಥಿಲೀನ್ ಗ್ಲೈಕಾಲ್ ಸಿಕ್ಕಿದ್ದರಿಂದ.

ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಗ್ಲೈಕಾಲ್ ನೀರಿನಲ್ಲಿ ಕರಗುತ್ತದೆ, ಚೆನ್ನಾಗಿ ತೊಳೆದರೆ ಬಹುಪಾಲು ಹೋಗುತ್ತದೆ. ಡಿಇಎಫ್ ಅಂತೂ ಶೇ. 32.5 ಯೂರಿಯಾ, ಉಳಿದದ್ದು ಶುದ್ಧೀಕರಿಸಿದ ನೀರು. ಹಾಗಾದರೆ ಭಯವೇಕೆ? ಗುಜರಿಯಿಂದ ಬಂದ ಕ್ಯಾನಿನ ಲೇಬಲ್ ಮೊದಲು ಏನಿತ್ತು ಎಂದಷ್ಟೇ ಹೇಳುತ್ತದೆ. ನಡುವೆ ಅದರಲ್ಲಿ ಹಳೇ ಇಂಜಿನ್ ಆಯಿಲ್ ತುಂಬಿದ್ದರೋ, ಕೀಟನಾಶಕ ತುಂಬಿದ್ದರೋ ಯಾರಿಗೆ ಗೊತ್ತು? ಎಣ್ಣೆಯಂತೂ ಪ್ಲಾಸ್ಟಿಕ್ಕಿನೊಳಗೇ ಇಳಿಯುತ್ತದೆ. ಸೋಪು ತೊಳೆಯುವುದು ಮೇಲ್ಮೈಯನ್ನು ಮಾತ್ರ. ಬಿಸಿಲಿಗಿಟ್ಟರೆ ಒಳಗಿಳಿದದ್ದು ನಿಧಾನಕ್ಕೆ ನೀರಿಗೆ ಬರುತ್ತದೆ. ತಳದಲ್ಲಿ ತ್ರಿಕೋನದೊಳಗೆ 2 ಎಂದಿದ್ದರೆ ಅದು ಪ್ಲಾಸ್ಟಿಕ್ಕಿನ ಜಾತಿ, ಆಹಾರಕ್ಕೆ ಯೋಗ್ಯ ಎಂಬ ಪರವಾನಗಿಯಲ್ಲ. ಅದಕ್ಕೆ ಗ್ಲಾಸು ಮತ್ತು ಫೋರ್ಕಿನ ಗುರುತು ನೋಡಬೇಕು.

ಇದರ ತಿರುಗುಮುರುಗು ಇನ್ನೂ ಅಪಾಯ. ನನ್ನ ಚಾಚಾ ಗ್ಯಾರೇಜ್ ನಡೆಸುತ್ತಾರೆ. ಬ್ಯಾಟರಿ ಆಸಿಡ್ಡನ್ನೋ ಕೂಲೆಂಟನ್ನೋ ನೀರಿನ ಬಾಟಲಿಗೆ ಸುರಿಯುವ ಹುಡುಗರಿಗೆ ಅವರು ಬೈಯುವಷ್ಟು ಬೇರೆ ಯಾವುದಕ್ಕೂ ಬೈಯುವುದಿಲ್ಲ. ಬಾಯಾರಿದವನು ಲೇಬಲ್ ಓದುತ್ತಾನೆಯೇ?

ಕೆಲಸದ ಜಾಗದಲ್ಲಿ ಎಚ್ಚರಿಕೆಯ ಬೋರ್ಡು ಹಾಕಿದರೆ ಸಾಲದು, ಬದಲಿ ಕ್ಯಾನ್ ಕೊಡಬೇಕು. ನಲ್ಲಿಯಿರುವ ಎರಡು ಹೊಸ ನೀರಿನ ಕ್ಯಾನುಗಳ ಬೆಲೆ ನಮ್ಮ ಬೀಳ್ಕೊಡುಗೆಯ ಬಲೂನು, ಕೇಕಿನ ಖರ್ಚಿಗಿಂತ ಹೆಚ್ಚಾಗದು. ಅವುಗಳನ್ನು ನಮ್ಮ ಫಿಲ್ಟರಿನಿಂದಲೇ ತುಂಬಿಕೊಳ್ಳಲು ಕೆಲಸಗಾರರಿಗೆ ಅನುಮತಿ ಬೇಕು. ಹಳೆಯವನ್ನು ತಳ ತೂತು ಮಾಡಿಯೇ ಗುಜರಿಗೆ ಕೊಡೋಣ, ಮತ್ತೊಂದು ಸೈಟಿನಲ್ಲಿ ನೀರಿನ ಕ್ಯಾನಾಗಬಾರದು. ಪ್ರಾಂಶುಪಾಲರಿಗೆ ಮನವಿ ಬರೆದಾಗಿದೆ. ಸಹಿಯ ಹಾಳೆ ಗ್ರಂಥಾಲಯದ ಮೇಜಿನ ಮೇಲಿದೆ, ಶನಿವಾರದವರೆಗೆ.