ನಾಲ್ವರ ಆರೈಕೆ, ಯಾರದೂ ಅಲ್ಲದ ಹೊಣೆ

ಮುಂಬಯಿಯಲ್ಲೋ ಪುಣೆಯಲ್ಲೋ ನೆಲೆಸಿರುವ ಮಗನ ಮನೆಗೆ ಊರಿನಿಂದ ಬಂದ ಹಿರಿಯರೊಬ್ಬರು ಆಸ್ಪತ್ರೆ ಸೇರಿದರೆಂದು ಭಾವಿಸೋಣ. ಅವರಿಗೆ ಮಧುಮೇಹವಿದೆ, ಕನ್ನಡವಲ್ಲದೆ ಬೇರೆ ಭಾಷೆ ಬಾರದು, ಸೂರ್ಯಾಸ್ತದ ನಂತರ ಆಹಾರ ಮುಟ್ಟುವವರಲ್ಲ. ವೈದ್ಯರು ರಾತ್ರಿಯೂಟಕ್ಕೆ ಮುನ್ನ ಇನ್ಸುಲಿನ್ ಬರೆಯುತ್ತಾರೆ. ಆಹಾರತಜ್ಞರು ಎಂಟು ಗಂಟೆಯ ಊಟದ ಪಟ್ಟಿ ಕೊಡುತ್ತಾರೆ. ಫಾರ್ಮಾಸಿಸ್ಟ್ ಚೀಟಿಯಲ್ಲಿರುವ ಔಷಧವನ್ನು ಎಣಿಸಿ ಕೊಡುತ್ತಾರೆ. ಸಂಜೆಯೇ ಊಟ ಮುಗಿಸಿದ ಹಿರಿಯರು ಎಂಟಕ್ಕೆ ಚುಚ್ಚುಮದ್ದು ತೆಗೆದುಕೊಂಡು, ಏನನ್ನೂ ತಿನ್ನದೆ ಮಲಗಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ತಪ್ಪು ಯಾರದು? ಪ್ರತಿಯೊಬ್ಬರೂ ತಮ್ಮ ಪಾಲಿನ ಕೆಲಸ ಮುಗಿಸಿದ್ದಾರೆ, ಒಬ್ಬರೊಡನೊಬ್ಬರು ಮಾತನಾಡಿಲ್ಲ.

ಮಾತನಾಡಿದರೆ ಜೀವ ಉಳಿಯುತ್ತದೆಂಬುದು ಹೊಸ ವಿಚಾರವೇನೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಶಸ್ತ್ರಚಿಕಿತ್ಸೆಗಾಗಿ 19 ಅಂಶಗಳ ಸುರಕ್ಷತಾ ಪಟ್ಟಿಯನ್ನು ಪ್ರಕಟಿಸಿತು. ಕತ್ತರಿ ಆಡುವ ಮುನ್ನ ಶಸ್ತ್ರವೈದ್ಯ, ಅರಿವಳಿಕೆ ತಜ್ಞ, ದಾದಿ ಎಲ್ಲರೂ ತಮ್ಮ ಹೆಸರು, ಹೊಣೆಗಳನ್ನು ಹೇಳಿಕೊಳ್ಳಬೇಕೆಂಬುದೂ ಅದರಲ್ಲೊಂದು. ನಮ್ಮ ಸಂಸತ್ತು 2021ರಲ್ಲಿ ಫಿಜಿಯೋಥೆರಪಿಸ್ಟ್, ಆಹಾರತಜ್ಞ ಮೊದಲಾದವರ ವೃತ್ತಿಗಳಿಗೆ ರಾಷ್ಟ್ರೀಯ ಆಯೋಗವನ್ನು ರಚಿಸುವ ಕಾಯ್ದೆಯನ್ನು ಅಂಗೀಕರಿಸಿತು. ಮಾನ್ಯತೆಯನ್ನು ಕಾಯ್ದೆ ಕೊಡಬಲ್ಲದು. ಒಂದೇ ಮೇಜಿನ ಸುತ್ತ ಕೂರಿಸುವ ಕೆಲಸ ಆಸ್ಪತ್ರೆಯ ಆಡಳಿತದ್ದು. ಅಲ್ಲಿ ಇಂದಿಗೂ ಮೇಲು ಕೀಳಿನ ಏಣಿಯಿದೆ. ಹಿರಿಯರು ರಾತ್ರಿಯ ತಟ್ಟೆಯನ್ನು ಮುಟ್ಟದೆ ಹಿಂದಿರುಗಿಸಿದ್ದನ್ನು ಕಂಡ ದಾದಿ, ಅದನ್ನು ವೈದ್ಯರಿಗೆ ಹೇಳಲು ಹಿಂಜರಿಯುತ್ತಾಳೆ. ಆ ಹಿಂಜರಿಕೆಯ ಬೆಲೆಯನ್ನು ರೋಗಿಯೇ ತೆರುತ್ತಾನೆ.

ಆದುದರಿಂದ ನಾವು ಕೇಳಬೇಕಾದುದು ಇಷ್ಟು: ರೋಗಿಯನ್ನು ಮನೆಗೆ ಕಳುಹಿಸುವ ಮುನ್ನ ವೈದ್ಯ, ದಾದಿ, ಫಾರ್ಮಾಸಿಸ್ಟ್, ಆಹಾರತಜ್ಞ ನಾಲ್ವರೂ ಹತ್ತು ನಿಮಿಷ ಕೂಡಿ ಮಾತನಾಡಲಿ; ಔಷಧ, ಊಟ, ಮುಂದಿನ ಭೇಟಿ ಎಲ್ಲವೂ ಒಂದೇ ಹಾಳೆಯಲ್ಲಿ, ಮನೆಯವರು ಓದಬಲ್ಲ ಭಾಷೆಯಲ್ಲಿರಲಿ. ನಮ್ಮವರು ಟ್ರಸ್ಟಿಗಳಾಗಿರುವ ಆಸ್ಪತ್ರೆಗಳಲ್ಲಿ ಈ ಪದ್ಧತಿಗೆ ಯಾವ ಸರ್ಕಾರದ ಅಪ್ಪಣೆಯೂ ಬೇಕಿಲ್ಲ.

ನಮ್ಮ ಹೊಣೆಯೂ ಉಂಟು. ಊಟದ ವೇಳೆಯನ್ನು, ದಶಲಕ್ಷಣ ಪರ್ವದ ಉಪವಾಸವನ್ನು ವೈದ್ಯರು ಗದರುವರೆಂಬ ಅಂಜಿಕೆಯಿಂದ ಮರೆಮಾಚುವ ಮನೆಗಳು ಇವೆ. ತಾವೇ ಮಾತ್ರೆಯ ಪ್ರಮಾಣವನ್ನು ಬದಲಿಸುವವರೂ ಇದ್ದಾರೆ. ಎರಡೂ ಅಪಾಯ. ಆಸ್ಪತ್ರೆ ಸೇರಿದ ದಿನವೇ ಇವನ್ನೆಲ್ಲ ಹೇಳಿ, ಬರೆಯಿಸಿ. ವೇಳೆ ತಿಳಿದರೆ ಔಷಧವನ್ನು ಅದಕ್ಕೆ ಹೊಂದಿಸುವ ದಾರಿಯನ್ನು ವೈದ್ಯರು ಹುಡುಕಬಲ್ಲರು. ಸಾಧ್ಯವಾಗದಿದ್ದರೆ ಹಾಗೆಂದು ಸ್ಪಷ್ಟವಾಗಿ ಹೇಳಬಲ್ಲರು. ಹಿರಿಯರ ಮಾತನ್ನು ಹಿಂದಿ, ಇಂಗ್ಲಿಷಿಗೆ ತಿಳಿಸಿ ಹೇಳುವ ಸೊಸೆಯೋ ಮೊಮ್ಮಗನೋ ಕೂಡ ಆ ಆರೈಕೆಯ ತಂಡದವರೇ ಆಗಿದ್ದಾರೆ.