ಸರಕು ಹಡಗೂ ಸರ್ಕಾರವೂ

ಯುದ್ಧವೆಂದೊಡನೆ ನಮ್ಮ ಕಣ್ಣಮುಂದೆ ಬಂದು ನಿಲ್ಲುವುದು ರಣರಂಗ. ಫಿರಂಗಿಗಳ ಗರ್ಜನೆ, ವಿಮಾನಗಳ ಹಾರಾಟ, ಸೈನಿಕರ ಸಾಹಸ ಇವುಗಳನ್ನೇ ನಾವು ಇತಿಹಾಸದ ಪುಟಗಳಲ್ಲಿ ಹುಡುಕುತ್ತೇವೆ. ಆದರೆ ಹೋರಾಡುವ ಯೋಧನ ಬೆನ್ನ ಹಿಂದೆ ಇನ್ನೊಂದು ಸೇನೆಯಿರುತ್ತದೆ. ಅದು ಕೋಟೆಗಳನ್ನು ಗೆಲ್ಲುವುದಿಲ್ಲ. ವಿಜಯದ ಮೆರವಣಿಗೆಯಲ್ಲಿ ಅದಕ್ಕೆ ಮುಂದಿನ ಸಾಲೂ ದೊರೆಯುವುದಿಲ್ಲ. ಗೋಧಿ, ಎಣ್ಣೆ, ಅದಿರು, ಮರಮುಟ್ಟು, ಔಷಧಿಗಳನ್ನು ಹೊತ್ತು ಕಡಲನ್ನು ದಾಟುವ ಸರಕು ಹಡಗುಗಳ ಸೇನೆಯದು. ಈ ಹಡಗುಗಳು ನಿಂತುಹೋದರೆ ಅಡುಗೆಮನೆಯ ಒಲೆಯೂ ಕಾರ್ಖಾನೆಯ ಕುಲುಮೆಯೂ ಒಟ್ಟಿಗೇ ಆರಿಹೋಗುತ್ತವೆ.

ಶಾಂತಿಯ ಕಾಲದಲ್ಲಿ ಸರಕು ಹಡಗು ವ್ಯಾಪಾರಿಯ ಸ್ವತ್ತು. ಹೆಚ್ಚು ಬಾಡಿಗೆ ಎಲ್ಲಿ ದೊರೆಯುವುದೋ ಅಲ್ಲಿಗೆ ಅದು ಹೋಗುತ್ತದೆ. ಯುದ್ಧ ಬಂದಾಗಲೂ ಅದು ಹಾಗೆಯೇ ನಡೆಯಬಹುದೆ? ಸರ್ಕಾರವು ಅದನ್ನು ತನ್ನ ಆಜ್ಞೆಗೆ ಒಳಪಡಿಸಿಕೊಳ್ಳುವುದು ನ್ಯಾಯವೆ? ಒಳಪಡಿಸಿಕೊಂಡ ಮೇಲೆ ಆ ಅಧಿಕಾರವನ್ನು ಯಾರ ಹಿತಕ್ಕಾಗಿ ಬಳಸಬೇಕು? ಈ ಪ್ರಶ್ನೆಗಳು ಹಡಗಿನ ಒಡೆಯರಿಗೆ ಮಾತ್ರ ಸಂಬಂಧಿಸಿದವಲ್ಲ. ಅನ್ನವನ್ನು ಉಣ್ಣುವ ಪ್ರತಿಯೊಬ್ಬನೂ ಇವುಗಳಿಗೆ ಉತ್ತರವನ್ನು ಯೋಚಿಸಬೇಕು.

ಮೊದಲು ಬ್ರಿಟನ್ನಿನ ಅನುಭವವನ್ನು ನೋಡೋಣ. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಆ ದ್ವೀಪರಾಷ್ಟ್ರವು ತನಗೆ ಬೇಕಾದ ಗೋಧಿಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲನ್ನು ಹೊರಗಿನಿಂದ ತರಿಸಿಕೊಳ್ಳುತ್ತಿದ್ದಿತು. ಯುದ್ಧದ ಮೊದಲ ವರ್ಷಗಳಲ್ಲಿ ಸೈನ್ಯದ ಅಗತ್ಯಕ್ಕೆ ಬೇಕಾದ ಹಡಗುಗಳನ್ನು ಮಾತ್ರ ಸರ್ಕಾರ ತೆಗೆದುಕೊಂಡಿತು. ಉಳಿದವು ಮಾರುಕಟ್ಟೆಯ ಪಾಲಿಗೆ ಉಳಿದವು. ಹಡಗುಗಳು ವಿರಳವಾದಂತೆ ಬಾಡಿಗೆ ಗಗನಕ್ಕೇರಿತು. ಒಡೆಯರ ಲಾಭ ಬೆಳೆಯಿತು. ಬಡವನ ರೊಟ್ಟಿಯ ಬೆಲೆಯೂ ಬೆಳೆಯಿತು. ಕೊನೆಗೆ 1916ರ ಡಿಸೆಂಬರಿನಲ್ಲಿ ಹಡಗುಗಳಿಗಾಗಿಯೇ ಒಂದು ಸಚಿವಾಲಯವನ್ನು ಸ್ಥಾಪಿಸಿ, ಗ್ಲಾಸ್ಗೋ ನಗರದ ಹಡಗು ಒಡೆಯರಾದ ಜೋಸೆಫ್ ಮೆಕ್ಲೆ ಅವರನ್ನು ನಿಯಂತ್ರಣಾಧಿಕಾರಿಯನ್ನಾಗಿ ನೇಮಿಸಲಾಯಿತು. ಬಾಡಿಗೆಯ ದರವನ್ನು ಸರ್ಕಾರವೇ ಗೊತ್ತುಪಡಿಸಿತು.

ಇದು ನಡೆದುದು ತಕ್ಕ ಕಾಲದಲ್ಲಿಯೇ. 1917ರ ಫೆಬ್ರವರಿಯಿಂದ ಜರ್ಮನಿಯ ಜಲಾಂತರ್ಗಾಮಿಗಳು ಯಾವ ಕಟ್ಟುಪಾಡೂ ಇಲ್ಲದೆ ಹಡಗುಗಳನ್ನು ಮುಳುಗಿಸತೊಡಗಿದವು. ಆ ವರ್ಷದ ಏಪ್ರಿಲ್ ಒಂದೇ ತಿಂಗಳಿನಲ್ಲಿ ನಾನಾ ರಾಷ್ಟ್ರಗಳ 8 ಲಕ್ಷ ಟನ್ನಿಗೂ ಮಿಕ್ಕ ಹಡಗುಗಳು ಕಡಲ ಪಾಲಾದವು. ಅನಂತರ ಸರಕು ಹಡಗುಗಳನ್ನು ಗುಂಪುಗೂಡಿಸಿ ಯುದ್ಧನೌಕೆಗಳ ಬೆಂಗಾವಲಿನಲ್ಲಿ ಕಳುಹಿಸುವ ಪದ್ಧತಿ ಜಾರಿಗೆ ಬಂದಿತು. ತನ್ನ ಇಷ್ಟ ಬಂದಾಗ ಇಷ್ಟ ಬಂದ ಕಡೆಗೆ ಹೊರಡುವ ಸ್ವಾತಂತ್ರ್ಯವನ್ನು ಪ್ರತಿಯೊಬ್ಬ ಒಡೆಯನೂ ಉಳಿಸಿಕೊಂಡಿದ್ದರೆ ಇಂತಹ ಬೆಂಗಾವಲು ಸಾಧ್ಯವಾಗುತ್ತಿರಲಿಲ್ಲ.

ಹಡಗಿನ ಲೆಕ್ಕ ಒಂದು ವಿಚಿತ್ರವಾದ ಲೆಕ್ಕ. ಹಡಗುಗಳ ಸಂಖ್ಯೆಯಷ್ಟನ್ನೇ ಎಣಿಸಿದರೆ ಸಾಲದು. ಅವುಗಳ ಕಾಲವನ್ನೂ ಎಣಿಸಬೇಕು. ಬ್ರಿಟನ್ನಿನಿಂದ ಆಸ್ಟ್ರೇಲಿಯಕ್ಕೆ ಒಮ್ಮೆ ಹೋಗಿಬರುವ ವೇಳೆಯಲ್ಲಿ ಅದೇ ಹಡಗು ಉತ್ತರ ಅಮೆರಿಕಕ್ಕೆ ಎರಡು ಸಲವಾದರೂ ಹೋಗಿಬರಬಹುದು. ಆದುದರಿಂದ ಆಸ್ಟ್ರೇಲಿಯದ ಗೋಧಿ ಅಗ್ಗವಾಗಿದ್ದರೂ ಯುದ್ಧಕಾಲದಲ್ಲಿ ಅಮೆರಿಕದ ದುಬಾರಿ ಗೋಧಿಯೇ ನಿಜವಾಗಿ ಅಗ್ಗ. ಈ ವಿವೇಕ ಮಾರುಕಟ್ಟೆಗೆ ತಾನಾಗಿಯೇ ಹೊಳೆಯುವುದಿಲ್ಲ. ಎಲ್ಲ ಹಡಗುಗಳನ್ನೂ ಎಲ್ಲ ಅಗತ್ಯಗಳನ್ನೂ ಒಟ್ಟಿಗೆ ಕಾಣಬಲ್ಲ ಒಂದು ಕಣ್ಣು ಅದಕ್ಕೆ ಬೇಕು. 1918ರಲ್ಲಿ ಮಿತ್ರರಾಷ್ಟ್ರಗಳು ಕೂಡಿ ತಮ್ಮ ಹಡಗುಗಳ ಬಳಕೆಯನ್ನು ಹೊಂದಿಸಿಕೊಳ್ಳಲು ಒಂದು ಮಂಡಲಿಯನ್ನು ರಚಿಸಿಕೊಂಡವು. ಅದರ ಕಾರ್ಯಭಾರವನ್ನು ನಡೆಸಿದ ಆರ್ಥರ್ ಸಾಲ್ಟರ್ ಆ ಅನುಭವವನ್ನು 1921ರಲ್ಲಿ ಒಂದು ಗ್ರಂಥವಾಗಿ ಬರೆದಿಟ್ಟರು.

ಎರಡನೆಯ ಮಹಾಯುದ್ಧದಲ್ಲಿ ಈ ಪಾಠ ವ್ಯರ್ಥವಾಗಲಿಲ್ಲ. ಯುದ್ಧ ಆರಂಭವಾದ ಮರು ತಿಂಗಳೇ, ಎಂದರೆ 1939ರ ಅಕ್ಟೋಬರಿನಲ್ಲಿ, ಬ್ರಿಟನ್ ಹಡಗು ಸಚಿವಾಲಯವನ್ನು ಮತ್ತೆ ಸ್ಥಾಪಿಸಿತು. ಹಡಗಿನ ಒಡೆತನ ಕಂಪನಿಯದೇ. ದಿನದಿನದ ನಿರ್ವಹಣೆಯೂ ಕಂಪನಿಯ ನುರಿತ ಕೈಗಳದೇ. ಆದರೆ ಏನನ್ನು ತುಂಬಬೇಕು, ಎಲ್ಲಿಗೆ ಹೋಗಬೇಕು ಎಂಬ ಆಜ್ಞೆ ಮಾತ್ರ ಸರ್ಕಾರದ್ದು. ಶತ್ರುವಿಮಾನಗಳ ಭಯದಿಂದ ಲಂಡನ್ ಮತ್ತು ಪೂರ್ವತೀರದ ಬಂದರುಗಳನ್ನು ಬಿಟ್ಟು ಹಡಗುಗಳು ಲಿವರ್‌ಪೂಲ್, ಗ್ಲಾಸ್ಗೋ ಮೊದಲಾದ ಪಶ್ಚಿಮದ ಬಂದರುಗಳಿಗೆ ಬಂದಾಗ ಹೊಸ ತೊಡಕೊಂದು ಕಾಣಿಸಿಕೊಂಡಿತು. ಪ್ರಾಣವನ್ನು ಪಣಕ್ಕೊಡ್ಡಿ ತಂದ ಸರಕನ್ನು ಇಳಿಸಲು ಆಳು ಸಾಲದು. ಇಳಿಸಿದ್ದನ್ನು ಸಾಗಿಸಲು ರೈಲಿನ ವ್ಯಾಗನ್ನುಗಳು ಸಾಲವು. ಕಡಲನ್ನು ಗೆದ್ದ ಹಡಗು ಧಕ್ಕೆಯಲ್ಲಿ ಸೋತು ನಿಂತಿತು. ಆಗ 1941ರ ಮೇ ತಿಂಗಳಲ್ಲಿ ಹಡಗು ಸಚಿವಾಲಯವನ್ನೂ ಸಾರಿಗೆ ಸಚಿವಾಲಯವನ್ನೂ ಒಂದುಗೂಡಿಸಿ ಲಾರ್ಡ್ ಲೆದರ್ಸ್ ಅವರ ಕೈಗೆ ಒಪ್ಪಿಸಲಾಯಿತು. ಕಡಲ ದಾರಿಯೂ ನೆಲದ ದಾರಿಯೂ ಒಂದೇ ದಾರಿಯ ಎರಡು ಭಾಗಗಳೆಂಬುದನ್ನು ಅವರು ಕಷ್ಟದಿಂದ ಕಲಿತರು.

ಅಮೆರಿಕವೂ 1942ರ ಫೆಬ್ರವರಿಯಲ್ಲಿ ಯುದ್ಧಕಾಲದ ಹಡಗು ಆಡಳಿತವನ್ನು ಸ್ಥಾಪಿಸಿತು. ಒಂದೇ ಮಾದರಿಯ 'ಲಿಬರ್ಟಿ' ಹಡಗುಗಳನ್ನು ಭಾಗ ಭಾಗವಾಗಿ ಸಿದ್ಧಪಡಿಸಿ ಜೋಡಿಸುವ ಕ್ರಮದಿಂದ 1941ರಿಂದ 1945ರವರೆಗೆ 2,710 ಹಡಗುಗಳನ್ನು ಆ ದೇಶ ಕಡಲಿಗಿಳಿಸಿತು. ಬ್ರಿಟನ್ ಯುದ್ಧಕ್ಕೆ ಮುಂಚೆ ವರ್ಷಕ್ಕೆ 5 ಕೋಟಿ ಟನ್ನಿಗೂ ಹೆಚ್ಚು ಸರಕನ್ನು ತರಿಸಿಕೊಳ್ಳುತ್ತಿದ್ದಿತು. 1942ರಲ್ಲಿ ಅದರ ಅರ್ಧಕ್ಕಿಂತ ಕಡಿಮೆ ಸರಕು ಬಂದಿತು. ಆದರೂ ಅಲ್ಲಿಯ ಜನ ಹಸಿವಿನಿಂದ ಸಾಯಲಿಲ್ಲ. ಇದ್ದುದನ್ನು ಅಳೆದು, ಅಗತ್ಯವನ್ನು ತೂಗಿ, ಪಡಿತರದ ಮೂಲಕ ಹಂಚಿದುದೇ ಅದಕ್ಕೆ ಕಾರಣ. ಯುದ್ಧಕಾಲದಲ್ಲಿ ಹಡಗುಗಳ ಮೇಲೆ ಸರ್ಕಾರದ ಹಿಡಿತ ಅಗತ್ಯವೆಂಬ ವಾದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ. ನಾನೂ ಆ ವಾದವನ್ನು ಒಪ್ಪುತ್ತೇನೆ.

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಸರ್ಕಾರದ ಹಿಡಿತ ಎಂಬುದು ಒಂದು ತಕ್ಕಡಿ ಮಾತ್ರ. ತಕ್ಕಡಿ ಇದ್ದ ಮಾತ್ರಕ್ಕೆ ತೂಕ ಸರಿಯಾಗುವುದಿಲ್ಲ. ಹಿಡಿದ ಕೈಯೂ ಸರಿಯಾಗಿರಬೇಕು.

ಬ್ರಿಟನ್ನಿನ ಹಡಗುಗಳನ್ನು ನಡೆಸಿದವರು ಯಾರು? ಅವುಗಳ ನಾವಿಕರಲ್ಲಿ ಸುಮಾರು ಕಾಲು ಭಾಗ ಭಾರತೀಯರೇ ಆಗಿದ್ದರು. ಸಿಲ್ಹೆಟ್ ಪ್ರಾಂತದಿಂದ, ಕೊಂಕಣ ತೀರದಿಂದ, ಗೋವೆಯಿಂದ ಹೋದ ಇವರನ್ನು ಲಸ್ಕರರೆಂದು ಕರೆಯುತ್ತಿದ್ದರು. ಹಡಗಿನ ಗರ್ಭದಲ್ಲಿ ಬೆಂಕಿಯ ಎದುರು ನಿಂತು ಕಲ್ಲಿದ್ದಲನ್ನು ಎತ್ತಿ ಹಾಕುತ್ತಿದ್ದವರಲ್ಲಿ ಬಹುಮಂದಿ ಅವರೇ. ಶತ್ರುವಿನ ಏಟು ಮೊದಲು ತಾಗುತ್ತಿದ್ದುದೂ ಆ ಗರ್ಭಕ್ಕೇ. ಆದರೆ ಅವರ ವೇತನ ಬಿಳಿಯ ನಾವಿಕರ ವೇತನದ ಸುಮಾರು ನಾಲ್ಕನೆಯ ಒಂದು ಪಾಲು. 1939ರಲ್ಲಿ ಅವರು ಅನೇಕ ಬಂದರುಗಳಲ್ಲಿ ಕೆಲಸ ನಿಲ್ಲಿಸಿ ಹೆಚ್ಚಿನ ವೇತನವನ್ನು ಕೇಳಿದಾಗ ಹಲವರನ್ನು ಸೆರೆಗೆ ಕಳುಹಿಸಲಾಯಿತು. ವೇತನವನ್ನು ಏರಿಸಿದುದು ಆಮೇಲೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತೇವೆ. ಇಲ್ಲಿ ಕೆಸರು ಒಬ್ಬರ ಕೈಗೆ, ಮೊಸರು ಇನ್ನೊಬ್ಬರ ಬಾಯಿಗೆ. ಆ ಯುದ್ಧದಲ್ಲಿ ಆರು ಸಾವಿರಕ್ಕೂ ಮಿಕ್ಕ ಭಾರತೀಯ ನಾವಿಕರು ಮಡಿದರು. ಅವರಿಗೆ ಸಮಾಧಿಯಿಲ್ಲ, ಮುಂಬಯಿಯಲ್ಲಿಯೂ ಚಿತ್ತಗಾಂಗಿನಲ್ಲಿಯೂ ಇರಿಸಿದ ಸ್ಮರಣ ಗ್ರಂಥಗಳಲ್ಲಿ ಅವರ ಹೆಸರುಗಳಿವೆ.

ಇದಕ್ಕಿಂತಲೂ ದಾರುಣವಾದುದು ಬಂಗಾಳದ ಕಥೆ. 1942ರಲ್ಲಿ ಬರ್ಮಾ ಜಪಾನೀಯರ ವಶವಾಯಿತು. ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಶತ್ರುವಿನ ಕೈಗೆ ಸಿಕ್ಕಬಾರದೆಂದು ಬಂಗಾಳದ ತೀರಪ್ರದೇಶದಲ್ಲಿ ಹತ್ತಕ್ಕಿಂತ ಹೆಚ್ಚು ಜನರನ್ನು ಸಾಗಿಸಬಲ್ಲ ದೋಣಿಗಳನ್ನು ಸರ್ಕಾರ ಕಿತ್ತುಕೊಂಡಿತು, ಇಲ್ಲವೆ ನಾಶಪಡಿಸಿತು. ನದಿಗಳೇ ರಸ್ತೆಗಳಾಗಿದ್ದ ನಾಡಿನಲ್ಲಿ ದೋಣಿ ಹೋದರೆ ಬೆಸ್ತನ ಮೀನೂ ಹೋಯಿತು, ರೈತನ ಸಂತೆಯೂ ಹೋಯಿತು. ಆ ವರ್ಷದ ಅಕ್ಟೋಬರಿನಲ್ಲಿ ಚಂಡಮಾರುತ ಬೆಳೆಯನ್ನು ಕೊಚ್ಚಿತು. ಬೆಲೆ ಏರಿತು, ದಾಸ್ತಾನುಗಾರರು ಧಾನ್ಯವನ್ನು ಬಚ್ಚಿಟ್ಟರು, ಪ್ರಾಂತ ಪ್ರಾಂತಗಳು ಬಾಗಿಲು ಮುಚ್ಚಿಕೊಂಡವು.

ಇತ್ತ 1943ರ ಜನವರಿಯಲ್ಲಿ ಬ್ರಿಟನ್ನಿನ ಯುದ್ಧ ಸಚಿವ ಸಂಪುಟವು ಹಿಂದೂ ಮಹಾಸಾಗರಕ್ಕೆ ಬರುತ್ತಿದ್ದ ಹಡಗುಗಳನ್ನು ಅರ್ಧಕ್ಕಿಂತ ಕಡಿಮೆಗೆ ಇಳಿಸಿ ಅಟ್ಲಾಂಟಿಕ್ ಕಡೆಗೆ ತಿರುಗಿಸಿತು. ಜುಲೈನಲ್ಲಿ ವೈಸರಾಯ್ ಲಿನ್‌ಲಿತ್‌ಗೋ 5 ಲಕ್ಷ ಟನ್ ಧಾನ್ಯಕ್ಕೆ ಹಡಗು ಕೊಡಬೇಕೆಂದು ಕೇಳಿದರು. ಆಗಸ್ಟ್ 4ರಂದು ಸಂಪುಟ ಸಭೆ ಸೇರಿ ಅದರಲ್ಲಿ ಅಲ್ಪಭಾಗಕ್ಕೆ ಮಾತ್ರ ಒಪ್ಪಿತು. 1944ರ ಏಪ್ರಿಲಿನಲ್ಲಿ ಚರ್ಚಿಲ್ ಆಸ್ಟ್ರೇಲಿಯದ ಗೋಧಿಯನ್ನು ಭಾರತಕ್ಕೆ ತರಲು ಅಮೆರಿಕದ ಹಡಗುಗಳನ್ನು ಕೇಳಿದಾಗ, ಸೈನ್ಯದ ಅಗತ್ಯವನ್ನು ಮುಂದಿಟ್ಟು ಅಧ್ಯಕ್ಷ ರೂಸ್‌ವೆಲ್ಟ್ ನಿರಾಕರಿಸಿದರು. 1945ರ ವಿಚಾರಣಾ ಆಯೋಗ ಕ್ಷಾಮದಲ್ಲಿ ಸತ್ತವರ ಸಂಖ್ಯೆಯನ್ನು ಸುಮಾರು 15 ಲಕ್ಷವೆಂದಿತು. ಅನಂತರದ ವಿದ್ವಾಂಸರು ಅದನ್ನು 20ರಿಂದ 30 ಲಕ್ಷವೆಂದು ಅಂದಾಜು ಮಾಡಿದ್ದಾರೆ.

ಹಡಗುಗಳ ಅಭಾವವೊಂದೇ ಈ ಕ್ಷಾಮಕ್ಕೆ ಕಾರಣವೆಂದು ಹೇಳಿದರೆ ಅದು ಸತ್ಯಕ್ಕೆ ಅಪಚಾರವಾದೀತು. ಅಟ್ಲಾಂಟಿಕ್ ಸಾಗರದಲ್ಲಿ 1943ರ ಮಾರ್ಚ್ ತಿಂಗಳ ನಷ್ಟ ಭಯಂಕರವಾಗಿದ್ದಿತೆಂಬುದೂ ನಿಜ. ಹಡಗುಗಳು ಯಾರಿಗೂ ಸಾಕಾಗುವಷ್ಟು ಇರಲಿಲ್ಲ. ಆದರೆ ಸಾಲದ ವಸ್ತುವನ್ನು ಹಂಚುವಾಗಲೇ ಹಂಚುವವನ ಮನಸ್ಸು ಬಯಲಾಗುವುದು. ಬ್ರಿಟನ್ನಿನ ಗೃಹಿಣಿಯ ಪರವಾಗಿ ಮಾತನಾಡಲು ಲಂಡನ್ನಿನ ಸಂಸತ್ತಿದ್ದಿತು, ಪತ್ರಿಕೆಗಳಿದ್ದವು, ಮುಂದಿನ ಚುನಾವಣೆಯಿದ್ದಿತು. ಕಲ್ಕತ್ತೆಯ ಬೀದಿಯಲ್ಲಿ ಗಂಜಿಗಾಗಿ ಕೈಯೊಡ್ಡಿದ ತಾಯಿಯ ಪರವಾಗಿ ಆ ಮೇಜಿನ ಸುತ್ತ ಮಾತನಾಡಿದವರು ಅವಳಿಂದ ಆರಿಸಿ ಹೋದವರಲ್ಲ. ಕೇಳುವ ಅಧಿಕಾರಿಗಳಿದ್ದರು, ಉತ್ತರ ಹೇಳಬೇಕಾದ ಹೊಣೆ ಮಾತ್ರ ಯಾರ ಮೇಲೂ ಇರಲಿಲ್ಲ.

ಇದನ್ನು ಕೇಳಿದ ವಿದ್ಯಾರ್ಥಿಗಳು ಹಿಂದೆ ತರಗತಿಯಲ್ಲಿ ನನ್ನನ್ನು ಪ್ರಶ್ನಿಸುತ್ತಿದ್ದುದುಂಟು: "ನಮ್ಮವೇ ಹಡಗುಗಳಿದ್ದಿದ್ದರೆ ಹೀಗಾಗುತ್ತಿತ್ತೆ, ಸಾರ್?" ಸಹಜವಾದ ಪ್ರಶ್ನೆ. ನಮ್ಮವೂ ಕೆಲವು ಹಡಗುಗಳು ಇದ್ದವು. 1919ರ ಏಪ್ರಿಲ್ 5ರಂದು ಸಿಂಧಿಯಾ ಕಂಪನಿಯ 'ಲಾಯಲ್ಟಿ' ಹಡಗು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಆ ದಿನವನ್ನೇ ನಾವು ರಾಷ್ಟ್ರೀಯ ನೌಕಾಯಾನ ದಿನವಾಗಿ ಆಚರಿಸುತ್ತೇವೆ. ಆ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದ ವಾಲ್‌ಚಂದ್ ಹೀರಾಚಂದರೇ 1940ರಲ್ಲಿ ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನ ವಿಮಾನ ಕಾರ್ಖಾನೆಯನ್ನು ಆರಂಭಿಸಿದವರು. ಆದರೆ ಯುದ್ಧಕಾಲದಲ್ಲಿ ಸಿಂಧಿಯಾ ಹಡಗುಗಳನ್ನೂ ಸರ್ಕಾರ ತನ್ನ ಕೆಲಸಕ್ಕೆ ತೆಗೆದುಕೊಂಡಿತು. ಹಡಗು ನಮ್ಮದಾಗಿದ್ದಿತು, ಸರ್ಕಾರ ನಮ್ಮದಾಗಿರಲಿಲ್ಲ. ಅವೆರಡೂ ನಮ್ಮವಾದುದು ಸ್ವಾತಂತ್ರ್ಯಾನಂತರ. ವಿಶಾಖಪಟ್ಟಣದಲ್ಲಿ ಕಟ್ಟಿದ 'ಜಲ ಉಷಾ' ಹಡಗನ್ನು 1948ರಲ್ಲಿ ನೆಹರೂ ಅವರು ಕಡಲಿಗಿಳಿಸಿದರು. 1961ರಲ್ಲಿ ಭಾರತೀಯ ನೌಕಾ ನಿಗಮ ಸ್ಥಾಪನೆಯಾಯಿತು.

ಹಾಗಾದರೆ ಯುದ್ಧಕಾಲದ ಹಡಗು ಆಡಳಿತ ಹೇಗಿರಬೇಕು? ನನ್ನ ಅಭಿಪ್ರಾಯದಲ್ಲಿ ಅದಕ್ಕೆ ಮೂರು ಕಟ್ಟುಪಾಡುಗಳಿರಬೇಕು. ಮೊದಲನೆಯದು, ಹಡಗನ್ನು ನಡೆಸುವವನ ರಕ್ಷಣೆ. ಸರಕಿಗೆ ಬೆಲೆ ಕಟ್ಟುವ ಸರ್ಕಾರ ನಾವಿಕನ ಪ್ರಾಣಕ್ಕೂ ದುಡಿಮೆಗೂ ಬಣ್ಣವನ್ನು ನೋಡದೆ ಬೆಲೆ ಕಟ್ಟಬೇಕು. ಎರಡನೆಯದು, ಲೆಕ್ಕ ಒಪ್ಪಿಸುವ ಹೊಣೆ. ಹಡಗು ಹೊರಡುವ ವೇಳೆಯನ್ನು ಶತ್ರುವಿನಿಂದ ಮುಚ್ಚಿಡುವುದು ಸರಿ. ಧಾನ್ಯವನ್ನು ಯಾರಿಗೆ ನಿರಾಕರಿಸಲಾಯಿತೆಂಬುದನ್ನು ಜನರಿಂದ ಮುಚ್ಚಿಡುವುದು ಸರಿಯಲ್ಲ. ಮೂರನೆಯದು, ಅಧಿಕಾರಕ್ಕೆ ಒಂದು ಅವಧಿ. ಮಳೆ ನಿಂತರೂ ಮರದ ಹನಿ ನಿಲ್ಲದೆಂಬಂತೆ, ಯುದ್ಧ ಮುಗಿದರೂ ಯುದ್ಧದ ಅಧಿಕಾರ ಮುಂದುವರಿಯಲು ಹವಣಿಸುತ್ತದೆ. ಪ್ರಜೆಗಳು ಅದನ್ನು ಹಿಂದಕ್ಕೆ ಕೇಳಿ ಪಡೆಯಬೇಕು.

ಇವು ಹಳೆಯ ಕಾಲದ ಮಾತುಗಳೆಂದು ಭಾವಿಸಬೇಡಿ. 2022ರಲ್ಲಿ ರಷ್ಯ ಮತ್ತು ಉಕ್ರೇನಿನ ಯುದ್ಧದಿಂದ ಕಪ್ಪು ಸಮುದ್ರದ ಬಂದರುಗಳು ಮುಚ್ಚಿದಾಗ ದೂರದ ಆಫ್ರಿಕದ ದೇಶಗಳೂ ರೊಟ್ಟಿಯ ಚಿಂತೆಗೊಳಗಾದವು. ವಿಶ್ವಸಂಸ್ಥೆ ಮತ್ತು ತುರ್ಕಿಯ ಮಧ್ಯಸ್ಥಿಕೆಯಿಂದ ಆ ವರ್ಷದ ಜುಲೈನಲ್ಲಿ ಒಪ್ಪಂದವೊಂದು ಏರ್ಪಟ್ಟು, ಒಂದು ವರ್ಷದಲ್ಲಿ 3 ಕೋಟಿ ಟನ್ನಿಗೂ ಹೆಚ್ಚು ಧಾನ್ಯ ಕಡಲನ್ನು ದಾಟಿತು. ಹಗೆಗಳೂ ಹಸಿವಿನ ವಿಷಯದಲ್ಲಿ ಸ್ವಲ್ಪ ಕಾಲವಾದರೂ ಒಂದು ಮಾತಿಗೆ ಬರಬಲ್ಲರೆಂಬುದಕ್ಕೆ ಇದು ನಿದರ್ಶನ.

ಕಡಲಿಗೆ ಪಕ್ಷಪಾತವಿಲ್ಲ, ಅದು ಎಲ್ಲ ಹಡಗುಗಳನ್ನೂ ಒಂದೇ ರೀತಿಯಲ್ಲಿ ಹೊರುತ್ತದೆ. ಯಾವ ಹಡಗು ಯಾರ ತೀರಕ್ಕೆ ಹೋಗಬೇಕೆಂದು ಗೊತ್ತುಮಾಡುವವರು ಮನುಷ್ಯರು. ಆ ನಿರ್ಧಾರವನ್ನು ಕೈಗೊಳ್ಳುವ ಮೇಜಿನ ಬಳಿ ಹಸಿದವನ ಪರವಾಗಿ ಹೊಣೆಯರಿತು ಮಾತನಾಡುವ ಒಂದು ದನಿ ಇರಬೇಕು. ನಾಳೆ ಅಧಿಕಾರದ ಸ್ಥಾನಗಳಲ್ಲಿ ಕುಳಿತುಕೊಳ್ಳಬೇಕಾದವರು ನೀವು. ಅಂತಹ ದನಿ ನಿಮ್ಮದಾಗಲಿ.